ತುಂಬಿಸಿಟ್ಟ ಚೌಕಗಳು

ಮಂಗಳವಾರ ಬೆಳಿಗ್ಗೆ ಗುರುಪ್ರಸಾದ್ ಫೋನ್ ಮಾಡಿ ನನ್ನನ್ನು ಹೊಗಳಿದರು. ನಾನು ಮಾಡಿದ ತಪ್ಪು ನನಗೆ ಗೊತ್ತಾದದ್ದು ಆ ಹೊಗಳಿಕೆಯಿಂದಲೇ.

ಗುರುಪ್ರಸಾದ್ ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಕಲಿಸುವವರು. ಶಿವಮೊಗ್ಗದ ಡಾಕ್ಟರ್ ವೇದಾ ಅವರ ಜೊತೆ ಸೇರಿ ಒಂದು ಕಾಯಿಲೆಯ ಅಧ್ಯಯನ ನಡೆಸುತ್ತಿದ್ದರು. ವರ್ಷಗಟ್ಟಲೆ ಬಿಡದೆ ಕಾಡುವ ಆಯಾಸದ ಕಾಯಿಲೆ ಅದು. ಇಂಗ್ಲಿಷಿನಲ್ಲಿ ಕ್ರಾನಿಕ್ ಫಟೀಗ್ ಸಿಂಡ್ರೋಮ್ ಎನ್ನುತ್ತಾರೆ. ರಕ್ತಪರೀಕ್ಷೆಯಲ್ಲಿ ಸಿಗುವುದಿಲ್ಲ, ಸ್ಕ್ಯಾನಿಂಗಿನಲ್ಲಿ ಕಾಣುವುದಿಲ್ಲ. ಹಾಗಾಗಿ ನೆಂಟರು ಸೋಮಾರಿತನ ಎನ್ನುತ್ತಾರೆ, ಡಾಕ್ಟರುಗಳು ಟಾನಿಕ್ ಬರೆದುಕೊಡುತ್ತಾರೆ. ಐದು ಊರಿನ ಡಾಕ್ಟರುಗಳು ತಮ್ಮ ತಮ್ಮ ರೋಗಿಗಳ ವಿವರವನ್ನು ಒಂದೇ ಕಡೆ ಸೇರಿಸಿ ನೋಡೋಣವೆಂದು ಹೊರಟಿದ್ದರು. ನಮ್ಮ ಭದ್ರಾವತಿಯಲ್ಲಿ ಹತ್ತು ಜನ ಇದ್ದರು. ಅವರಲ್ಲಿ ಒಬ್ಬಳು ನನ್ನ ಮಗಳು ಶರಾವತಿ.

ಒಬ್ಬೊಬ್ಬರಿಗೂ ತಿಂಗಳಿಗೊಂದು ಹಾಳೆ, ಅದರಲ್ಲಿ ದಿನಕ್ಕೊಂದು ಚೌಕ. ಆಯಾಸವೇ ಇಲ್ಲದಿದ್ದರೆ ಸೊನ್ನೆ, ಹಾಸಿಗೆಯಿಂದ ಏಳಲೇ ಆಗದಿದ್ದರೆ ಹತ್ತು. ಹಾಗೆ ಮೂರು ತಿಂಗಳು. ಹಾಳೆ ಹಂಚುವುದು, ತಿಂಗಳ ಕೊನೆಗೆ ಮನೆಮನೆಗೆ ಹೋಗಿ ಒಟ್ಟುಮಾಡಿ ಶಿವಮೊಗ್ಗಕ್ಕೆ ಮುಟ್ಟಿಸುವುದು ನನ್ನ ಕೆಲಸ. ಕಾಯಿಲೆಯವರು ಬಸ್ಸು ಹತ್ತಲಾರರು. ನಾನು ಅರವತ್ತೆಂಟರಲ್ಲೂ ಹತ್ತುತ್ತೇನೆ.

"ಅಮ್ಮ, ನಿಮ್ಮ ಜನವರಿ, ಫೆಬ್ರವರಿ ಎರಡೂ ಕಂಪ್ಯೂಟರಿಗೆ ಹಾಕಿ ಮುಗೀತು," ಎಂದರು ಗುರುಪ್ರಸಾದ್. "ಒಂದು ಚೌಕನೂ ಖಾಲಿ ಇಲ್ಲ. ಅಕ್ಷರ ಅಂತೂ ಮುತ್ತು. ಸಾಗರದವ್ರಿಗೆ ನಿಮ್ಮ ಹಾಳೆ ತೋರ್ಸಿ ಬೈದೆ ನಾನು."

"ಪಾಪ, ಬೈಬೇಡಿ ಅವ್ರನ್ನ."

"ಶುಕ್ರವಾರ ಐದೂ ಊರಿಂದು ಒಟ್ಟು ಸೇರ್ಸ್ತೀವಿ. ಮಾರ್ಚಿಂದು ಅವತ್ತೇ ತಂದ್ಬಿಡಿ. ಸಂಜೆ ಮೇಲೆ ಒಂದಂಕಿನೂ ಬದಲಾಯ್ಸೋ ಹಾಗಿಲ್ಲ, ಹಾಗಂತ ಒಪ್ಪಂದ ಆಗಿದೆ. ಅದಕ್ಕೇ ಮೇಡಂ ಬೇರೆ ಊರಿನ ಖಾಲಿ ಚೌಕಕ್ಕೆಲ್ಲ ಒಬ್ಬೊಬ್ರಿಗೂ ಫೋನ್ ಮಾಡಿ ಕೇಳ್ತಾ ಕೂತಿದಾರೆ."

"ಖಾಲಿ ಬಿಟ್ಟಿದ್ದಕ್ಕೆ ಏನು ಕೇಳೋದು?"

"ಯಾಕೆ ಬರೀಲಿಲ್ಲ ಅಂತ. ಪೆನ್ನು ಹಿಡಿಯೋಕೂ ಆಗದ ದಿನಾನೇ ಜನ ಖಾಲಿ ಬಿಟ್ಟಿರ್ತಾರಂತೆ. ಕಾಯಿಲೆ ಜೋರಾಗೋದು ಯಾವಾಗ ಅಂತ ತಿಳಿಯೋದು ಅಲ್ಲೇ ಅಂತಾರೆ ಮೇಡಂ. ನಿಮ್ಮೂರಲ್ಲಿ ಆ ತಲೆನೋವೇ ಇಲ್ಲ ನೋಡಿ."

ಫೋನ್ ಇಟ್ಟು ಕುರ್ಚಿಯಲ್ಲಿ ಕೂತೆ.

ಆ ಎರಡು ತಿಂಗಳ ಹಾಳೆಗಳೂ ನನ್ನ ಕೈಬರಹದವು. ಜನ ನನಗೆ ಕೊಟ್ಟವು ಬೇರೆ. ಒಂದರ ಮೇಲೆ ಕಾಫಿ ಲೋಟದ ಗುರುತು, ಇನ್ನೊಂದರಲ್ಲಿ ಅಂಕಿ ಚೌಕದಿಂದ ಹೊರಗೆ ಜಾರಿಕೊಂಡಿತ್ತು, ಎಲ್ಲದರಲ್ಲೂ ಅಲ್ಲಲ್ಲಿ ಖಾಲಿ. ನಾನು ಅಕ್ಷರ ಕಲಿತದ್ದು ನಲವತ್ತೊಂದರಲ್ಲಿ, ಶಾಲೆಯ ಆಯಾ ಕೆಲಸ ಮುಗಿಸಿಕೊಂಡು ಅದೇ ಕಟ್ಟಡದ ರಾತ್ರಿ ಶಾಲೆಯಲ್ಲಿ. ಹಾಳೆಯಲ್ಲಿ ಜಾಗ ಖಾಲಿ ಬಿಟ್ಟರೆ ರಾಮಚಂದ್ರಪ್ಪ ಮೇಷ್ಟ್ರು ಪೂರ್ತಿ ಮತ್ತೆ ಬರೆಸುತ್ತಿದ್ದರು. ತನಿಖೆಗೆ ಬಂದವರು ನೋಡಿದರೆ ದೊಡ್ಡವರ ಶಾಲೆ ನೆಪಕ್ಕೆ ನಡೆಯುತ್ತಿದೆ ಎಂದಾರು ಎನ್ನುವ ಹೆದರಿಕೆ ಅವರಿಗೆ. ಶಿವಮೊಗ್ಗಕ್ಕೆ, ಓದಿದವರ ಕೈಗೆ ಹೋಗುವ ಹಾಳೆ. ನಮ್ಮೂರಿನದು ಕೊಳಕಾಗಿ ಕಾಣಬಾರದು ಎಂದು ನಾನು ಸ್ಕೇಲು ಇಟ್ಟು ಗೆರೆ ಎಳೆದು ಹತ್ತೂ ಜನರದ್ದನ್ನು ನಕಲು ಮಾಡಿದೆ. ಖಾಲಿ ಇದ್ದಲ್ಲಿ ಹಿಂದಿನ ದಿನದ ಅಂಕಿಯನ್ನೇ ಹಾಕಿದೆ. ನಿನ್ನೆಯ ಆಯಾಸ ಇವತ್ತು ಎಲ್ಲಿಗೆ ಹೋದೀತು ಎಂದುಕೊಂಡೆ. ಮೂಲದ ಹಾಳೆಗಳು ಬಚ್ಚಲ ಒಲೆಗೆ ಹೋದವು. ಮಾರ್ಚಿನವು ಮಾತ್ರ ಇನ್ನೂ ಹಾಗೇ ಇದ್ದವು.

ಮಧ್ಯಾಹ್ನ ಜನ್ನಾಪುರಕ್ಕೆ ಗಣಪಯ್ಯನ ಮನೆಗೆ ಹೋದೆ. ಕಾರ್ಖಾನೆಯಲ್ಲಿ ಲೇತ್ ನಡೆಸುತ್ತಿದ್ದವನು, ಈಗ ಆರು ವರ್ಷದಿಂದ ಮಂಚ ಹಿಡಿದಿದ್ದಾನೆ. ಬಾಯಿಗೆ ಮಾತ್ರ ಆಯಾಸವಿಲ್ಲ.

"ಬಾ ಮಾರಾಯ್ತಿ. ಹೆಡ್ಮೇಡಂ ಬಂದ್ರು, ಎದ್ದು ನಿಲ್ಬೇಕಿತ್ತು. ಕಾಲು ಕೇಳಲ್ಲ."

"ಫೆಬ್ರವರೀಲಿ ಒಂಬತ್ತು ದಿನ ಖಾಲಿ ಬಿಟ್ಟಿದ್ಯಲ್ಲ ಗಣಪಯ್ಯ, ಯಾಕೆ?"

"ಬಿಟ್ಟಿದ್ನಾ? ಆ ಒಂಬತ್ತು ದಿನ ಕಿಟಕಿ ಬಾಗಿಲು ಹಾಕ್ಕೊಂಡು ಮಲ್ಗಿದ್ದೆ. ಬೆಳಕು ಕಣ್ಣಿಗೆ ಸೂಜಿ ಚುಚ್ಚಿದ ಹಾಗೆ. ಅನ್ನ ಕಲಸಿ ಬಾಯಿಗಿಟ್ಟಿದ್ದು ಹೆಂಡ್ತಿ. ಯಾಕೆ, ಕೇಳಿದ್ರಾ ಡಾಕ್ಟ್ರು?"

"ನಾನು ತುಂಬಿಸಿದೆ."

"ಎಷ್ಟು ಹಾಕ್ದೆ?"

"ಆರು."

ಅವನು ನಕ್ಕ. ನಗು ಕೆಮ್ಮಾಗಿ, ಸುಧಾರಿಸಿಕೊಳ್ಳಲು ಹೊತ್ತು ಹಿಡಿಯಿತು. "ಆರರಲ್ಲಿ ನಾನು ಸಂತೆಗೆ ಹೋಗಿ ಬದನೆಕಾಯಿ ಚೌಕಾಸಿ ಮಾಡ್ಕೊಂಡ್ ಬರ್ತೀನಿ." ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದ. "ಹೇಳಕ್ ಹೋಗ್ಬೇಡ. ಹೇಳಿದ್ರೆ ನಮ್ಮೂರನ್ನೇ ತೆಗೆದ್ಹಾಕ್ತಾರೆ. ಆರು ವರ್ಷಕ್ಕೆ ಈಗ ಒಬ್ರು, ಏನಪ್ಪಾ ನಿಂಗೆ ಅಂತ ಕೇಳಿದಾರೆ. ಅದನ್ನೂ ಕಳೀಬೇಡ."

"ಸುಳ್ಳು ಅಂಕಿ ಹೋಗುತ್ತಲ್ಲ."

"ಐದೂರಿನ ಅಂಕಿ ಒಳಗೆ ನಮ್ದು ಎಷ್ಟು ಮಹಾ. ಸಾರಿಗೆ ಒಂದ್ ಹರಳು ಉಪ್ಪು ಜಾಸ್ತಿ ಆದ್ರೆ ಯಾರಿಗ್ ಗೊತ್ತಾಗುತ್ತೆ?"

ಅವನ ಮಾತು ನನಗೆ ಬೇಕಾಗಿದ್ದ ಮಾತೇ. ಬಸ್ ನಿಲ್ದಾಣದವರೆಗೂ ಅದನ್ನೇ ಹೇಳಿಕೊಳ್ಳುತ್ತಾ ನಡೆದೆ. ಮನೆ ಹತ್ತಿರ ಬರುವಾಗ ಅದು ಉಳಿಯಲಿಲ್ಲ. ಕಾಯಿಲೆ ಜೋರಾಗುವ ದಿನಗಳನ್ನೇ ಹುಡುಕುತ್ತಿರುವವರ ಕೈಗೆ, ಆ ದಿನಗಳನ್ನೆಲ್ಲ ಒರೆಸಿ ಹಾಕಿದ ಹಾಳೆ ಕೊಟ್ಟಿದ್ದೆ. ಭದ್ರಾವತಿಯಲ್ಲಿ ಯಾರಿಗೂ ಅಷ್ಟೇನಿಲ್ಲ ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಟ್ಟಿದ್ದೆ.

ಬುಧವಾರ ಪೂರ್ತಿ ಮಗಳ ಮುಖ ನೋಡಲಾಗಲಿಲ್ಲ. ಶರಾವತಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದವಳು. ನಾಲ್ಕು ವರ್ಷದ ಹಿಂದೆ ಒಂದು ಜ್ವರ ಬಂತು, ಹೋಯಿತು, ಆಯಾಸ ಉಳಿಯಿತು. ಕೆಲಸ ಬಿಟ್ಟಳು. ಗುರುವಾರ ಬೆಳಿಗ್ಗೆ ಗಂಜಿ ಕೊಡುವಾಗ ಎಲ್ಲ ಹೇಳಿದೆ.

ಅವಳು ಬಟ್ಟಲು ಕೆಳಗಿಟ್ಟಳು. "ನಂದೂ ತುಂಬಿಸಿದ್ಯಾ?"

"ಹ್ಞೂಂ."

"ಫೆಬ್ರವರಿ ಹನ್ನೊಂದು?"

"ಐದು ಹಾಕಿದೀನಿ. ಹಿಂದಿನ ದಿನ ನೀನು ಐದು ಬರ್ದಿದ್ದೆ."

ಹನ್ನೊಂದರಂದು ನಾನು ಆಯನೂರಿಗೆ ಗೃಹಪ್ರವೇಶಕ್ಕೆ ಹೋಗಿದ್ದೆ. ಬಂದಾಗ ಅವಳು ಮಂಚದ ಮೇಲೇ ಇದ್ದಳು, ಊಟ ಹೇಗಿತ್ತು ಎಂದು ಕೇಳಿದ್ದಳು.

"ಅವತ್ತು ಬಚ್ಚಲಿಗೆ ಹೋಗೋವಾಗ ದಾರೀಲೇ ಕೂತ್ಬಿಟ್ಟೆ," ಎಂದಳು ಶರಾವತಿ. "ಏಳಕ್ಕಾಗ್ಲಿಲ್ಲ. ಹತ್ತು ಗಂಟೆಯಿಂದ ಎರಡೂವರೆ ತನಕ ನೆಲದ ಮೇಲೇ ಇದ್ದೆ. ಫೋನ್ ಮಂಚದ ಮೇಲಿತ್ತು. ಬಟ್ಟೆ ಒದ್ದೆಯಾಯ್ತು. ತೆವಳ್ಕೊಂಡ್ ಬಂದು ಬದಲಾಯ್ಸ್ಕೊಂಡು ಮಲಗ್ದೆ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಇನ್ನು ಮನೆ ಬಿಟ್ಟು ಎಲ್ಲಿಗೂ ಹೋಗ್ತಿರ್ಲಿಲ್ಲ. ಡಾಕ್ಟ್ರು ಆ ಚೌಕ ನೋಡಿ ಕೇಳ್ತಾರೆ, ಅವ್ರಿಗೆ ಹೇಳೋಣ ಅಂದ್ಕೊಂಡಿದ್ದೆ. ಕಾಯ್ತಾ ಇದ್ದೆ ಅವ್ರ ಫೋನಿಗೆ."

ಗಂಜಿ ಆರಿ ಕೆನೆಗಟ್ಟಿತು. ಅವಳು ಮತ್ತೆ ಮುಟ್ಟಲಿಲ್ಲ.

ಶುಕ್ರವಾರ ಒಂಬತ್ತರ ಬಸ್ಸು ಹಿಡಿದೆ. ಮಾರ್ಚಿನ ಹತ್ತು ಹಾಳೆಗಳನ್ನು, ಕಲೆ, ಖಾಲಿ ಎಲ್ಲದರ ಸಮೇತ, ಎದೆಗೆ ಒತ್ತಿಕೊಂಡು ಕೂತಿದ್ದೆ. ಬಿದರೆಯ ಹತ್ತಿರ ಬಸ್ಸು ಹದಿನೈದು ನಿಮಿಷ ನಿಂತಿತು. ಇಳಿದು ವಾಪಸು ಹೋಗಿಬಿಡೋಣ ಎನ್ನುವ ಯೋಚನೆ ಬಂದದ್ದು ಸುಳ್ಳಲ್ಲ.

ಶಿವಮೊಗ್ಗದ ದುರ್ಗಿಗುಡಿಯಲ್ಲಿ ಡಾಕ್ಟರ್ ವೇದಾ ಅವರ ಕ್ಲಿನಿಕ್ಕಿನ ಮೇಲಿನ ಕೋಣೆ. ಗುರುಪ್ರಸಾದ್ ಎದ್ದು ಕುರ್ಚಿ ಕೊಟ್ಟರು. ನಾನು ಕೂರದೆ ಹೇಳಿದೆ. ನಕಲು ಮಾಡಿದ್ದು, ತುಂಬಿಸಿದ್ದು, ಸುಟ್ಟಿದ್ದು.

ಗುರುಪ್ರಸಾದ್ ಕಂಪ್ಯೂಟರಿನ ಕಡೆಗೆ ತಿರುಗಿಕೊಂಡರು. "ಒಂದೂ ಉಳಿದಿಲ್ವಾ?"

"ಮಾರ್ಚಿಂದು ಮಾತ್ರ ಇದೆ."

"ಜಲಜಮ್ಮ, ಯಾವ ಚೌಕ ತುಂಬಿಸಿದ್ರಿ ಅಂತ ನೆನಪಿದೆಯಾ?" ಎಂದು ಕೇಳಿದರು ಡಾಕ್ಟರ್.

"ಕೆಲವು ಇದೆ. ಎಲ್ಲ ಇಲ್ಲ."

"ನೆನಪಿಂದ ತಿದ್ದೋಕೆ ಬರಲ್ಲ. ಎರಡೂ ತಿಂಗಳು ತೆಗೀಲೇಬೇಕು." ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೇನೋ. ಎದ್ದು ಹೊರಗೆ ಹೋಗಿ ಒಂದೊಂದೇ ಊರಿಗೆ ಫೋನ್ ಮಾಡಿದರು. ಬಾಗಿಲ ಆಚೆಯಿಂದ ನಮ್ಮೂರಿನ ಹೆಸರು ಮತ್ತೆ ಮತ್ತೆ ಕೇಳುತ್ತಿತ್ತು. ಗುರುಪ್ರಸಾದ್ ನನ್ನ ಮುಂದೆ ನೀರಿನ ಲೋಟ ಇಟ್ಟರು.

ಡಾಕ್ಟರ್ ಒಳಗೆ ಬಂದು ಕೂತರು. "ನಾಲ್ಕೂ ಊರಿನವರು ಜೂನ್ ತನಕ ನಿಮಗೋಸ್ಕರ ಕಾಯ್ತಾರೆ. ಆದ್ರೆ ಮಾರ್ಚಿನ ಜೊತೆ ಇನ್ನೂ ಎರಡು ತಿಂಗಳು ಬರೆದುಕೊಡ್ಬೇಕು. ಒಂದು ಊರು ಅಂತ ಸೇರಿಸೋಕೆ ಕನಿಷ್ಠ ಏಳು ಜನ ಬೇಕು. ಭಾನುವಾರ ಸಂಜೆ ಒಳಗೆ ಹೆಸರು ಹೇಳಿ. ಆರಾದ್ರೆ ಭದ್ರಾವತಿ ಇರಲ್ಲ."

"ಬೇರೆ ಯಾರನ್ನಾದ್ರೂ ಕಳ್ಸಿ ಮೇಡಂ. ನಾನು ಕೇಳಿದ್ರೆ ಕೊಡ್ತಾರಾ?"

"ಹಾಳು ಮಾಡಿದ್ದು ನಾನು ಅಂತ ನೀವೇ ಹೋಗಿ ಹೇಳ್ಬೇಕು. ಬೇರೆಯವ್ರು ಹೇಳಿದ್ರೆ ಅವ್ರಿಗೆ ನಮ್ಮ ಯಾರ ಮೇಲೂ ನಂಬಿಕೆ ಉಳಿಯಲ್ಲ."

ಮನೆಗೆ ಬಂದು ಶರಾವತಿಗೆ ಹೇಳಿದೆ. "ಮೊದಲು ಬೇರೆಯವ್ರ ಮನೆಗೆ ಹೋಗು," ಎಂದಳು. "ನನ್ನ ಕೊನೇಲಿ ಕೇಳು."

ಶನಿವಾರ ಐದು ಮನೆ, ಭಾನುವಾರ ನಾಲ್ಕು. ಹೊಸಮನೆ ಬಡಾವಣೆಯ ಪುಷ್ಪಮ್ಮ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದಳು. ದಿನಾ ಒಂದು ಅಂಕಿ ಬರೆಯಲು ಅವಳು ಗಂಡನನ್ನು ಕೂಗಿ ತಲೆದಿಂಬು ಎತ್ತಿಸಿಕೊಳ್ಳುತ್ತಿದ್ದಳಂತೆ. "ಅದನ್ನ ಒಲೆಗೆ ಹಾಕಿದ್ರಾ ಅಕ್ಕ," ಎಂದಷ್ಟೇ ಕೇಳಿ ಬಾಗಿಲು ಮುಂದೆ ಮಾಡಿಕೊಂಡಳು. ಮತ್ತೆ ಇಬ್ಬರು ಒಲ್ಲೆ ಎಂದರು; ಒಬ್ಬರ ಸೊಸೆ ನನ್ನ ಎದುರಿಗೇ, ನಾನ್ ಮೊದಲೇ ಹೇಳ್ಲಿಲ್ವಾ ಎಂದಳು. ಗಣಪಯ್ಯ ಹಾಳೆ ಈಸಿಕೊಂಡ. "ಹೇಳ್ಬೇಡ ಅಂದ್ರೆ ಹೇಳ್ಬಿಟ್ಟೆ. ಕೊಡಿಲ್ಲಿ. ನೀನು ಮನೆ ಮನೆ ಬೈಸ್ಕೊಳ್ಳೋದು ನೋಡೋಕಾದ್ರೂ ಇನ್ನೆರಡು ತಿಂಗಳು ಬದುಕಿರ್ತೀನಿ."

ಭಾನುವಾರ ಐದೂವರೆಗೆ ಮನೆ ಮುಟ್ಟಿದಾಗ ನನ್ನ ಹತ್ತಿರ ಆರು ಹೆಸರಿತ್ತು.

ಶರಾವತಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಎಚ್ಚರವಾಗಿದ್ದಾಳೆ ಎಂದು ಉಸಿರಿನಲ್ಲೇ ಗೊತ್ತಾಗುತ್ತಿತ್ತು. ಮಂಚದ ಪಕ್ಕ ನಿಂತೆ. ಏಪ್ರಿಲ್ಲಿನ ಖಾಲಿ ಹಾಳೆ ಕೈಯಲ್ಲಿತ್ತು. ಹೆಸರು ಕೇಳಲು ಗುರುಪ್ರಸಾದರ ಫೋನ್ ಯಾವ ಗಳಿಗೆಯಲ್ಲಾದರೂ ಬರಬಹುದಿತ್ತು.

"ಎಷ್ಟಾಯ್ತು?" ಎಂದಳು, ತಿರುಗದೆ.

"ಆರು."

ಅವಳು ಕೈ ಹಿಂದಕ್ಕೆ ಚಾಚಿದಳು. ಹಾಳೆ ಇಟ್ಟೆ. ಅದನ್ನು ದಿಂಬಿನ ಕೆಳಗೆ ತೂರಿಸಿಕೊಂಡಳು.

"ನನ್ನ ಹೆಸರು ಬರ್ಕೊ," ಎಂದಳು. "ಆದ್ರೆ ನಂದನ್ನ ನೀನು ತಗೊಂಡ್ ಹೋಗ್ಬೇಡ. ತಿಂಗಳ ಕೊನೆಗೆ ಗುರುಪ್ರಸಾದ್ ಅವ್ರೇ ಬಂದು ನನ್ನ ಕೈಯಿಂದ ತಗೊಳ್ಳಲಿ. ಅವ್ರು ಬಂದಾಗ ನೀನು ಆಚೆ ಕೋಣೇಲಿರು."

ಆಗಲಿ ಎಂದೆ.