ಡೇಮನ್‌ಗೆ ಬರೆದ ಹಾಡು

ಲಡ್ಲೊ ಪಟ್ಟಣದಲ್ಲಿ ನಾನು ಎರಡು ಚಳಿಗಾಲ ನಿಂತದ್ದು ಸ್ವರಲಿಪಿಗಳನ್ನು ಪ್ರತಿ ಮಾಡುವ ಕೆಲಸ ಸಿಕ್ಕಿತೆಂಬ ಕಾರಣಕ್ಕೆ. ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದ ಬಾರ್ಥಲೊಮ್ಯೂ ಥರ್ಕೆಲ್ ರಾಗ ಕಟ್ಟುತ್ತಿದ್ದರು. ನಾನು ಶುದ್ಧಪ್ರತಿ ಬರೆದುಕೊಡುತ್ತಿದ್ದೆ. ಪದ್ಯಗಳನ್ನು ಒದಗಿಸುತ್ತಿದ್ದವಳು ಥಿಯೊಡೋಸಿಯ ಗಾರ್ಬೆಟ್. ಗಂಡ ತೀರಿದ ಮೇಲೆ ಅವನ ಕೈಗವಸಿನ ಕಾರ್ಖಾನೆಯನ್ನು ನಡೆಸುತ್ತಿದ್ದ ಮೂವತ್ತೆರಡರ ಹೆಂಗಸು.

ಆಗ ಪ್ರೇಮಪದ್ಯಕ್ಕೊಂದು ಮರ್ಯಾದೆಯಿತ್ತು. ಪ್ರೀತಿಸಿದವರ ಹೆಸರನ್ನು ಬರೆಯುವಂತಿಲ್ಲ. ಗಂಡಾದರೆ ಡೇಮನ್, ಹೆಣ್ಣಾದರೆ ಕ್ಲೋಯಿ ಎಂದು ಗ್ರೀಕ್ ಕುರುಬರ ಹೆಸರಿಡಬೇಕು. ತಿಂಗಳ ಪತ್ರಿಕೆಗಳ ತುಂಬ ಇಂಥ ಡೇಮನ್‌ಗಳು ಕುರಿ ಮರೆತು ಕಣ್ಣೀರಿಡುತ್ತಿದ್ದರು. ಆ ಕಣ್ಣೀರನ್ನು ಯಾರೂ ನಿಜವೆಂದು ಬಗೆಯುತ್ತಿರಲಿಲ್ಲ.

ಫೆಬ್ರವರಿಯಲ್ಲಿ ಥರ್ಕೆಲ್ಲರಿಗೆ ಲಿಂಕನ್ ಪಟ್ಟಣದ ದೊಡ್ಡ ಚರ್ಚಿನಿಂದ ಆರ್ಗನ್ ನುಡಿಸುವ ಕೆಲಸಕ್ಕೆ ಕರೆ ಬಂದಿತು. ಈಸ್ಟರ್ ಮುಗಿದೊಡನೆ ಬರುವುದಾಗಿ ಒಪ್ಪಿ ಬರೆದರು. ಅದೇ ವಾರ ಥಿಯೊಡೋಸಿಯ ಹೊಸ ಹಾಡು ತಂದಳು. ಸತ್ತ ಹೆಂಡತಿಯನ್ನು ಸಂಗೀತದ ಬಲದಿಂದ ಪಾತಾಳದಿಂದ ಕರೆತರುತ್ತಿದ್ದ ಆರ್ಫಿಯಸ್, ತಿರುಗಿ ನೋಡಬಾರದೆಂಬ ಷರತ್ತು ಮೀರಿ ನಡುದಾರಿಯಲ್ಲಿ ಹಿಂದಿರುಗಿ ನೋಡಿ ಅವಳನ್ನು ಕಳೆದುಕೊಂಡನಷ್ಟೆ. ಇವಳ ಹಾಡಿನ ಕುರುಬತಿ ಊರು ಬಿಡುತ್ತಿರುವ ಡೇಮನ್‌ಗೆ ಹೇಳುತ್ತಾಳೆ: ನೀನು ತಿರುಗಿ ನೋಡು, ನಾನು ಮಾಯವಾಗುವವಳಲ್ಲ.

ಪ್ರತಿ ಮಾಡುವಾಗಲೇ ನನಗೆ ಅರ್ಥವಾಯಿತು. ಥರ್ಕೆಲ್ಲರಿಗೆ ಆಗಲಿಲ್ಲ.

"ಚೆನ್ನಾಗಿದೆ ಅಮ್ಮನವರೇ," ಎಂದರು. "ಲಿಂಕನ್ನಲ್ಲಿ ಚರ್ಚಿನ ಮುಖ್ಯಸ್ಥರು, ಡೀನ್ ಅವರ ಮಗಳು ಹಾಡ್ತಾಳಂತೆ. ಇದನ್ನ ಅವಳಿಗೇ ಅರ್ಪಿಸೋಣ ಅಂತ."

"ಅವಳನ್ನ ನೋಡಿದೀರಾ?"

"ಇಲ್ಲ. ಹಾಡು ಅರ್ಪಿಸೋಕೆ ನೋಡಿರಬೇಕಾ?"

"ಏನೂ ಬೇಡ ಮೇಷ್ಟ್ರೇ. ಆರು ವರ್ಷದಿಂದ ಎದುರಿಗಿರೋರನ್ನೇ ನೀವು ನೋಡಿಲ್ಲ."

ಅವರು ಅದನ್ನು ತಮಾಷೆಯೆಂದು ತಿಳಿದು ನಕ್ಕು, ನಶ್ಯ ಏರಿಸಿದರು.

ಗುರುವಾರ ಮಧ್ಯಾಹ್ನ ಥಿಯೊಡೋಸಿಯಳ ಮನೆಯಲ್ಲಿ ಹಾಡಿ ನೋಡುವುದೆಂದು ಗೊತ್ತಾಯಿತು. ನಾನು ಪ್ರತಿಯೊಡನೆ ಮುಂಚೆಯೇ ಹೋದೆ.

"ಡೇಮನ್ ಅಂತ ಇರೋ ಕಡೆ ನಿಜವಾದ ಹೆಸರು ಹಾಡಿದ್ರೆ ರಾಗ ಕೆಡುತ್ತಾ?" ಎಂದಳು.

"ಕೆಡುತ್ತೆ. ಡೇಮನ್‌ಗೆ ಎರಡೇ ಸ್ವರ. ಆ ಹೆಸರಿಗೆ ನಾಲ್ಕು ಬೇಕು."

"ಕೆಡಲಿ."

"ಊರೆಲ್ಲ ಆಡ್ಕೊಳ್ಳುತ್ತೆ."

"ಗವಸು ಹೊಲಿಯೋ ಹೆಂಗಸರು ಆಗಲೇ ಆಡ್ಕೋತಿದ್ದಾರೆ. ಮೇಷ್ಟ್ರೊಬ್ಬರಿಗೇ ಸುದ್ದಿ ಮುಟ್ಟಿಲ್ಲ."

ಥರ್ಕೆಲ್ ಬಂದು ಹಾರ್ಪ್ಸಿಕಾರ್ಡಿನ ಮುಂದೆ ಕುಳಿತರು. ಮೊದಲ ಚರಣ ಕ್ರಮವಾಗಿಯೇ ಸಾಗಿತು. ಎರಡನೆಯದರಲ್ಲಿ ಅವಳು ಬಾರ್ಥಲೊಮ್ಯೂ ಎಂದು ಹಾಡಿದಳು. ವಾದ್ಯ ಅವಳನ್ನು ಹಿಂದೆ ಬಿಟ್ಟು ನಾಲ್ಕು ಹೆಜ್ಜೆ ಒಂಟಿಯಾಗಿ ನಡೆದು ನಿಂತಿತು.

"ಅಲ್ಲಿ ಡೇಮನ್ ಅಂತಿದೆ," ಎಂದರು ಹಾಳೆಯನ್ನೇ ನೋಡುತ್ತ.

"ಇತ್ತು."

ಅವರು ನನ್ನತ್ತ ನೋಡಿದರು. ನಾನು ಅಗ್ಗಿಷ್ಟಿಕೆಯ ಕೆಂಡಗಳನ್ನು ಪರೀಕ್ಷಿಸುತ್ತಿದ್ದೆ. ಕೊನೆಗೆ ಅವರು ಅವಳತ್ತ ತಿರುಗಿದರು, ಕಿವಿಗಳು ಕೆಂಪಾಗಿದ್ದವು.

"ಲಿಂಕನ್ನಿಗೆ ಬರ್ತೀನಿ ಅಂತ ಒಪ್ಪಿ ಬರೆದಾಯ್ತಲ್ಲ."

"ಹೋಗಬೇಡಿ ಅಂತ ನಾನೆಲ್ಲೂ ಬರೆದಿಲ್ಲ."

ಥರ್ಕೆಲ್ ಬಹಳ ಹೊತ್ತು ಯೋಚಿಸಿದರು. ಒಂದು ರಾಗದ ಕೊನೆಯನ್ನು ನಿಶ್ಚಯಿಸಲೂ ಅವರಿಗೆ ವಾರ ಬೇಕಾಗುತ್ತಿತ್ತು.

"ಅಲ್ಲಿ ಕೊಡೋ ಮನೆ ತುಂಬಾ ತೇವವಂತೆ," ಎಂದರು. "ನಿಮ್ಮ ಗವಸಿನ ಕೆಲಸಕ್ಕೆ ಆಗುತ್ತೋ ಇಲ್ಲವೋ."

"ಎಳೆದು ಹಿಗ್ಗಿಸೋ ಮುಂಚೆ ಗವಸಿನ ಚರ್ಮಕ್ಕೆ ತೇವ ಬೇಕೇ ಬೇಕು ಮೇಷ್ಟ್ರೇ," ಎಂದು ಥಿಯೊಡೋಸಿಯ ವಾದ್ಯದ ಬಳಿಗೆ ಕುರ್ಚಿ ಸರಿಸಿ ಕುಳಿತಳು.