ಅಳಿಯನಿಗೆ ಸಿಗದ ಮೆಣಸು

ಇದು ಕಟ್ಟಿದ ಕಥೆಯಲ್ಲ, ಮಡಿಸಿದ ಕಥೆ. ಆದ್ದರಿಂದ ನಿಜ.

ಫಾಯೆಂಜಾ ಊರಲ್ಲಿ ಕ್ರಿಸ್‌ಮಸ್ ಮಧ್ಯಾಹ್ನ ಕಪೆಲೆತ್ತಿ ಬೇಯದ ಮನೆಯಿಲ್ಲ. ಹಿಟ್ಟಿನ ಹಾಳೆಯೊಳಗೆ ಚೀಸ್ ತುಂಬಿ ಮಡಿಸಿದ ಈ ಪುಟ್ಟ ಟೋಪಿಗಳು ಹುಂಜದ ಸಾರಿನಲ್ಲಿ ತೇಲುತ್ತಾ ಬರುತ್ತವೆ. ಅವುಗಳ ನಡುವೆ ಒಂದೇ ಒಂದರಲ್ಲಿ ಬರೀ ಕರಿಮೆಣಸು. ಬೇರೆ ಕಡೆ ಜನರಿಗೆ ಟೋಪಿ ಹಾಕುತ್ತಾರೆ; ಇಲ್ಲಿ ತಿನ್ನಿಸುತ್ತಾರೆ. ಅದು ಯಾರ ಬಟ್ಟಲಿಗೆ ಬೀಳಬೇಕೆಂದು ತೀರ್ಮಾನಿಸುವುದು ಮನೆಯೊಡತಿಯ ಸೌಟು. ಆರ್ಜಿಯಾ ಅತ್ತೆಯ ಸೌಟಿನ ಮುಂದಂತೂ ಯಾರ ಅರ್ಜಿಯೂ ನಡೆಯುತ್ತಿರಲಿಲ್ಲ.

ಅಳಿಯ ದುಯಿಲಿಯೊ ಹತ್ತಿರದ ಬೊಲೋನ್ಯಾ ಪಟ್ಟಣದವನು. ಮಿರೆಲ್ಲಾಳನ್ನು ಮದುವೆಯಾದ ಮೇಲೆ ಇದು ನಾಲ್ಕನೇ ಕ್ರಿಸ್‌ಮಸ್. ಹೆಂಡತಿ ಮೆಣಸು ಕಚ್ಚಿ ಕುಣಿದದ್ದಾಯಿತು, ಭಾಮೈದ ಸೆಕೊಂಡೊ ಕಣ್ಣೀರಿಟ್ಟದ್ದಾಯಿತು, ಮನೆಯವರಂತೆ ಪ್ರತಿವರ್ಷ ಊಟಕ್ಕೆ ಬರುವ ಪಾದ್ರಿಗಳು ಕೂಡ ಕೆಮ್ಮಿ ಹೋದರು. ಇವನಿಗೆ ಮಾತ್ರ ಮೆತ್ತನೆಯ ಕುರ್ಚಿ, ಮೊದಲ ಬಟ್ಟಲು, ಸಿಹಿಮಾತು.

"ನನಗ್ಯಾಕೆ ಸಿಗಲ್ಲ?" ಎಂದು ಹೆಂಡತಿಯ ಹತ್ತಿರ ಗೋಗರೆದಿದ್ದ.

ಉತ್ತರ ಕೊಟ್ಟವನು ಸೆಕೊಂಡೊ. ಅವ್ವನ ಹಾಗೆ ಸೊಂಟಕ್ಕೆ ಕೈಯಿಟ್ಟು, ಮೂಗಿನಲ್ಲೇ ರಾಗ ಎಳೆದ: "ಅಯ್ಯೋ, ಅವರು ಅತಿಥಿಗಳು ಕಣ್ರೋ! ಅತಿಥಿಗಳಿಗೆ ಮೆಣಸು ತಿನ್ಸೋದಾ?"

ಆ ಅತಿಥಿ ಎಂಬ ಮಾತು ದುಯಿಲಿಯೊಗೆ ಮೆಣಸಿಗಿಂತ ಖಾರವಾಯಿತು.

ಹಬ್ಬದ ಬೆಳಗ್ಗೆ ಎಲ್ಲರೂ ಇಗರ್ಜಿಗೆ ಹೊರಟಾಗ ತಲೆನೋವೆಂದು ಉಳಿದ. ಯಾರೂ ಇಲ್ಲದ ಅಡುಗೆಮನೆಗೆ ನುಗ್ಗಿ, ಮುಚ್ಚಿಟ್ಟ ಹಿಟ್ಟಿನಲ್ಲಿ ಚೂರು ಲಟ್ಟಿಸಿ, ಮೆಣಸು ತುರುಕಿ, ಮಡಿಸಿ, ಉಳಿದವುಗಳ ನಡುವೆ ಮಲಗಿಸಿದ. ಈ ಸಲ ಅತ್ತೆಯೇ ಕುಣಿಯಬೇಕು!

ಊಟದ ಹೊತ್ತಿಗೆ ಸೌಟಿಗೆ ಕೈಚಾಚಿದ. "ಅತ್ತೆ, ಇವತ್ತು ನಾನು ಬಡಿಸ್ತೀನಿ."

"ಧಾರಾಳವಾಗಿ ಬಡ್ಸಿ," ಎಂದರು ಆರ್ಜಿಯಾ. ಅಷ್ಟು ಸುಲಭವಾಗಿ ಒಪ್ಪಿದ್ದಕ್ಕೆ ಅವನು ಅನುಮಾನಪಡಬೇಕಿತ್ತು. ತಾನು ಮಡಿಸಿದ್ದನ್ನು ಹುಡುಕಿ ಅತ್ತೆಯ ಬಟ್ಟಲಿಗೆ ಜಾರಿಸಿದ. ಪಾತ್ರೆಯನ್ನು ಒಲೆಯ ಮೇಲಿಟ್ಟು ಬಂದು ಕುಳಿತ. ಅತ್ತೆಯ ಬಾಯಿಯನ್ನೇ ನೋಡುತ್ತಾ ತಾನೂ ಒಂದು ಚಮಚ ಬಾಯಿಗಿಟ್ಟ.

ಕಿವಿಯಲ್ಲಿ ಹೊಗೆ ಬಂತು. ಕಣ್ಣುಗುಡ್ಡೆ ಹೊರಬಂತು. ಅವನು ಬೆನ್ನು ತಿರುಗಿಸಿದ್ದಾಗ ಬಟ್ಟಲುಗಳು ಅದಲುಬದಲಾಗಿದ್ದವು.

"ನಮ್ಮ ಕಪೆಲೆತ್ತಿ ಹೆಬ್ಬೆರಳಷ್ಟು ದಪ್ಪ. ಇದೊಂದು ಮಾತ್ರ ಕಿರುಬೆರಳಿಗೆ ಸುತ್ತಿದ್ದು," ಎಂದರು ಅತ್ತೆ, ಶಾಂತವಾಗಿ ಸಾರು ಹೀರುತ್ತಾ. "ಹಂಗೆ ಮಡ್ಸೋದು ಬೊಲೋನ್ಯಾದವ್ರೇ. ಇಗರ್ಜಿಯಿಂದ ಬಂದ ತಕ್ಷಣ ಕಂಡೆ. ನಾನು ಮಡಿಸಿದ ಮೆಣಸಿಂದು ತೆಗೆದು ಬಿಸಾಕ್ದೆ, ಒಂದು ಮನೆಗೆ ಒಂದು ಸಾಕಲ್ವಾ?"

"ಕ್ಷಮಿಸಿ ಅತ್ತೆ..." ಕೆಮ್ಮು.

"ಎಂಥ ಕ್ಷಮೆಯೋ ಕಳ್ಳ! ಅತಿಥಿಯಾದೋನು ಕದ್ದು ಅಡುಗೆಮನೆಗೆ ನುಗ್ತಾನೇನೋ? ಮನೆಮಗನೇ ಹಂಗೆ ಮಾಡೋದು." ಊರಿನ ರೂಢಿಯಂತೆ ಅವನ ಸಾರಿಗೆ ಕೆಂಪು ವೈನ್ ಸುರಿದರು. "ಕುಡಿ, ಉರಿ ಇಳಿಯುತ್ತೆ. ಆಮೇಲೆ ಆ ಮೆತ್ತನೆ ಕುರ್ಚಿ ಪಾದ್ರಿಗಳಿಗೆ ಬಿಟ್ಟು ಎದ್ದೋಗಿ ಪಾತ್ರೆ ತೊಳಿ!"

ಸೆಕೊಂಡೊ ಮೇಜು ಬಡಿದು ನಕ್ಕ, ಮಿರೆಲ್ಲಾ ಹೊಟ್ಟೆ ಹಿಡಿದುಕೊಂಡಳು. ಆದರೆ ಮೂಗು ಸುರಿಸುತ್ತಾ, ಸೌಟು ಉಜ್ಜುತ್ತಾ, ಪಕ್ಕದ ಮನೆಯವರು ಕಿಟಕಿ ತೆರೆಯುವಷ್ಟು ಜೋರಾಗಿ ನಕ್ಕವನು ದುಯಿಲಿಯೊ.