ನೆರಳಿನ ಅಂಕಿ

ಚಳಿಗಾಲ, ಎಳೆಬಿಸಿಲ ಹೊತ್ತು, ತಲೆ ಬಾಚುತ್ತ ಹಲ್ಲಿನಲ್ಲಿ ಕಚ್ಚಿಕೊಂಡ ಹೇರ್‌ಪಿನ್ನು ನಾಲಿಗೆಗೆ ತಣ್ಣನೆಯ ಕಬ್ಬಿಣದ ರುಚಿ ಬಿಡುತ್ತಿದೆ, ಇಂಥದೇ ಹೊತ್ತಿನಲ್ಲಲ್ಲವೇ ನಮ್ಮ ಹಡಗಿನ ಕೆಲಸ ಶುರುವಾಗುತ್ತಿದ್ದದ್ದು, ತೆಗೆದಿಡೇ ಅದನ್ನ, ಸೇಫ್ಟಿಪಿನ್ನೂ ಬಿಚ್ಚು, ದಿಕ್ಸೂಚಿಯ ಮುಳ್ಳಿನ ಹತ್ತಿರ ಕಬ್ಬಿಣ ಸುಳಿಯಬಾರದು, ಎಂದು ಹಡಗಿನ ಏಣಿಯ ಬುಡದಲ್ಲೇ ನನ್ನ ಯಜಮಾನರು ತಡೆಯುತ್ತಿದ್ದರು, ಕೂದಲು ಕೆದರಿಕೊಂಡು ನಿಂತರೆ ದೆವ್ವ ಅಂದ್ಕೋತಾರೆ ರೀ, ಅಂದ್ಕೊಳ್ಳಲಿ ಬಿಡು, ಯಾರೂ ಹತ್ತಿರ ಬರಲ್ಲ, ನಮಗೂ ಅದೇ ಬೇಕು — ಬಂದರಿನಲ್ಲೆಲ್ಲ ಇವರಿಗೆ ಮುಳ್ಳಿನ ಮೇಷ್ಟ್ರು ಎಂದೇ ಹೆಸರು, ಹಡಗಿನ ದಿಕ್ಸೂಚಿ ಸುಳ್ಳು ಹೇಳದಂತೆ ತಿದ್ದುವ ಕೆಲಸ, ಇಂಥ ಹೊತ್ತಿಗೆ ಸೂರ್ಯ ಇಂಥ ದಿಕ್ಕಿನಲ್ಲಿ ಇರಲೇಬೇಕು ಎಂದು ಬಾಯಲ್ಲೇ ಲೆಕ್ಕ ಹಾಕಿ ಇಡುತ್ತಿದ್ದರು, ಮುಳ್ಳು ಬೇರೆ ಹೇಳಿದರೆ ತಪ್ಪು ಮುಳ್ಳಿನದೇ. ಹಡಗು ನಿಧಾನವಾಗಿ ಸುತ್ತು ತಿರುಗುತ್ತದೆ, ದಿಕ್ಸೂಚಿಯ ನಡುವೆ ನೆಟ್ಟ ಹಿತ್ತಾಳೆ ಕಡ್ಡಿಯ ನೆರಳು ಅಂಕಿಗಳ ಮೇಲೆ ಬೀಳುತ್ತದೆ, ನೆರಳಿನ ಎದುರು ಬದಿಗೆ ಸೂರ್ಯ, ಎಷ್ಟೇ? ಎನ್ನುತ್ತಾರೆ, ನಾನು ಪಿಸುಗುಟ್ಟುತ್ತೇನೆ, ಓದು ತಲೆಗೆ ಹತ್ತದಿದ್ದರೂ ಅಂಕಿ ಬರುತ್ತಿತ್ತಲ್ಲ — ಇವರ ಕಣ್ಣಿನ ನರವೇ ಒಣಗಿದೆ ಎಂದಿದ್ದರು ಡಾಕ್ಟರು, ತಿಳಿದರೆ ಕೆಲಸ ಹೋಯಿತು, ಕೆಲಸ ಹೋದರೆ ಇವರೂ ಹೋದಂತೆಯೇ.

ಆವತ್ತು ಹೊಸ ಕ್ಯಾಪ್ಟನ್ ಮೇಲೆ ಹತ್ತಿ ಬಂದ, ಅಮ್ಮನವರು ಯಾಕೆ ಮೇಷ್ಟ್ರೇ ಇಲ್ಲಿ? ಇವರು ತಡವರಿಸಿದರು, ಬಿಸಿಲಲ್ವಾ ಸಾರ್, ಕೊಡೆ ಹಿಡಿಯೋಕೆ ಬಂದಿದಾಳೆ, ಅಯ್ಯೋ ಹಾಗಾದ್ರೆ ಕೊಡೆ ಎಲ್ಲಿ, ತಂದುಕೊಡ್ರೋ, ಏಣಿಯ ಬುಡದಲ್ಲಿ ಬಿಟ್ಟಿದ್ದದ್ದನ್ನು ನಾವಿಕನೊಬ್ಬ ಓಡಿ ತಂದ, ಬಿಡಿಸೇ, ನೋಡ್ತಾ ನಿಂತಿದೀಯಲ್ಲ, ಎಂದು ಇವರೇ ಗದರಿದರು, ಬಿಡಿಸಿದೆ, ಇನ್ನೇನು ಮಾಡಲಿ, ಕಡ್ಡಿಯ ನೆರಳನ್ನು ಕೊಡೆಯ ನೆರಳು ನುಂಗಿತು, ಕೊಡೆಯ ಉಕ್ಕಿಗೆ ಮುಳ್ಳು ತತ್ತರಿಸಿತು, ಎಷ್ಟೇ? ಎಂದರು ಇವರು. ಇಡೀ ಬಂದರಿಗೆ ಕಬ್ಬಿಣದ ಪಾಠ ಹೇಳಿದವರು. ಕ್ಯಾಪ್ಟನ್ ನಗಲಿಲ್ಲ, ನಕ್ಕಿದ್ದರೆ ಚೆನ್ನಾಗಿತ್ತು, ಇವರ ಮುಖದ ಮುಂದೆ ಕೈ ಆಡಿಸಿದ, ರೆಪ್ಪೆ ಅಲುಗಲಿಲ್ಲ, ಮನೆಗೆ ಕರಕೊಂಡು ಹೋಗಿಮ್ಮಾ, ಎಂದ ಮೆಲ್ಲಗೆ.

ಆಮೇಲೆ ಇವರು ಮಂಚ ಬಿಟ್ಟು ಏಳಲಿಲ್ಲ, ಬೆಳಗಾದರೆ ಒಂದೇ ಮಾತು, ಎಷ್ಟೇ? ಕಿಟಕಿಯ ಕಂಬಿಯ ನೆರಳು ಹೊದಿಕೆಯ ಮೇಲೆ ಬಿದ್ದಿರುತ್ತಿತ್ತು, ಅದರ ಕೆಳಗೆ ಅಂಕಿ ಎಲ್ಲಿಂದ ತರಲಿ, ಬಾಯಿಗೆ ಬಂದದ್ದು ಹೇಳುತ್ತಿದ್ದೆ, ಬುರುಡೆ ಬಿಡಬೇಡ, ಈ ಹೊತ್ತಿಗೆ ಸೂರ್ಯ ಅಲ್ಲಿರಲ್ಲ, ಎಂದು ಬೈದು ತಾವೇ ತಿದ್ದುವಾಗ ಮುಖದಲ್ಲಿ ಹಳೆಯ ಗತ್ತು, ಆ ಗತ್ತು ನೋಡಬೇಕೆಂದೇ ಮರುದಿನ ಮತ್ತೆ ತಪ್ಪು ಹೇಳುತ್ತಿದ್ದೆ, ಕಂಬಿಯ ನೆರಳು ಎದೆಯ ಮೇಲೆ ಉಸಿರಿನೊಡನೆ ಏರಿ ಇಳಿಯುತ್ತಿತ್ತು, ನಮ್ಮ ಜಗಳ ನಡೆಯುತ್ತಿತ್ತು — ಒಂದು ಬೆಳಿಗ್ಗೆ ಇವರು ಕೇಳಲಿಲ್ಲ, ನಾನೇ ಹೇಳಿದೆ, ತಪ್ಪನ್ನೇ ಹೇಳಿದೆ, ಬೈಯಲಿಲ್ಲ, ಇನ್ನೂ ದೊಡ್ಡ ತಪ್ಪು ಹೇಳಿದೆ, ಸೂರ್ಯ ಪಶ್ಚಿಮದಲ್ಲಿ ಹುಟ್ಟಿದಾನೆ ರೀ, ಬೈಯಿರಿ, ಕಂಬಿಯ ನೆರಳು ಎದೆಯ ಮೇಲೆ, ಏರದೆ ಇಳಿಯದೆ, ಇವರು ಹೋಗಿದ್ದರು, ಶುಕ್ರವಾರ, ಕಂಬಿಯ ನೆರಳು ಎದೆಯ ಮೇಲೆ, ಏರದೆ, ಇಳಿಯದೆ —